ಗಣಿತಜ್ಞ ಆಯ್ಲರ್

ಲಿಯೊನಾರ್ಡ್ ಆಯ್ಲರನು 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ; ಮಗನೂ ಅದೇ ವೃತ್ತಿಯನ್ನು ಹಿಡಿಯಲೆಂಬುದು ಅವನ ಬಯಕೆ. ಆದರೆ ಹುಡುಗನ ಅಸಾಧಾರಣ ಪ್ರತಿಭೆಯನ್ನು ಕಂಡ ಗಣಿತಜ್ಞ ಯೋಹಾನ್ ಬರ್ನೌಲಿ ತಂದೆಯ ಮನವೊಲಿಸಿದನು. 1727ರಲ್ಲಿ ಆಯ್ಲರನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ತೆರಳಿ ಅಲ್ಲಿನ ವಿಜ್ಞಾನ ಅಕಾಡೆಮಿಯನ್ನು ಸೇರಿದನು.

ಎರಡು ವರ್ಷಗಳ ತರುವಾಯ ಅವನ ಮಿತ್ರ ಗೋಲ್ಡ್‌ಬಾಕ್ ಅವನ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. 2ನ್ನು ಅದರಿಂದಲೇ ಗುಣಿಸಿದರೆ 4. 4ನ್ನು ಅದರಿಂದಲೇ ಗುಣಿಸಿದರೆ 16. ಹೀಗೆಯೇ ಮುಂದುವರಿದರೆ 256, 65,536 ದೊರೆಯುತ್ತವೆ. ಮೊದಲಿನ 2ನ್ನೂ ಸೇರಿಸಿ ಇವಕ್ಕೆ ಒಂದೊಂದನ್ನು ಕೂಡಿದಾಗ ಬರುವ 3, 5, 17, 257, 65,537 ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಎಂದರೆ, 1 ಮತ್ತು ತಮ್ಮನ್ನುಳಿದು ಬೇರಾವ ಪೂರ್ಣ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದವು. ಈ ಸಾಲಿನ ಮುಂದಿನ ಸಂಖ್ಯೆಗಳೂ ಹಾಗೆಯೇ ಇರುವುವೆಂದು ಫ್ರಾನ್ಸಿನ ಮಹಾ ಗಣಿತಜ್ಞ ಫರ್ಮಾ 1640ರಲ್ಲಿ ನಂಬಿದ್ದನು. ಆದರೆ ಸಾಧಿಸಿ ತೋರಿಸಿರಲಿಲ್ಲ. ಆ ನಂಬಿಕೆ ನಿಜವೇ?

ಸಾಲಿನ ಮುಂದಿನ ಸಂಖ್ಯೆ 4,29,49,67,297. ಇದನ್ನು ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಹೊರಟರೆ 6500ಕ್ಕೂ ಮಿಕ್ಕಿ ಭಾಗಾಕಾರಗಳು ಬೇಕಾದಾವು. ಆಯ್ಲರನು 1732ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಈ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ತೋರಿಸಿದನು. ಭಾಗಲಬ್ಧ 67,00,417. ಇದರ ಹಿಂದಿನ ತತ್ತ್ವವನ್ನು ಅವನು ಮುಂದೆ ವಿವರಿಸಿದನು. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವಿದ್ದರೆ, ಅದನ್ನು 64ರಿಂದ ಭಾಗಿಸಿದಾಗ 1 ಶೇಷ ಉಳಿಯಲೇಬೇಕು. ಅಂತಹ ಅವಿಭಾಜ್ಯಗಳು 193, 257, 449, 577, 641; ಐದನೆಯದೇ ಬೇಕಾದ ಸಂಖ್ಯೆ! ತೊಂಬತ್ತೆರಡು ವರ್ಷಗಳ ನಂಬಿಕೆ ಒಂದು ಭಾಗಾಕಾರದಿಂದ ಕುಸಿಯಿತು. ಆ ಸಾಲಿನಲ್ಲಿ ಮೊದಲ ಐದನ್ನುಳಿದು ಮತ್ತೊಂದು ಅವಿಭಾಜ್ಯ ಇದುವರೆಗೂ ದೊರೆತಿಲ್ಲ.

1730ರ ದಶಕದಲ್ಲಿಯೇ ಆಯ್ಲರನ ಬಲಗಣ್ಣಿನ ದೃಷ್ಟಿ ಹೋಯಿತು. 1741ರಿಂದ ಬರ್ಲಿನ್ನಿನಲ್ಲಿದ್ದ ಅವನು 1766ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಮರಳಿದನು. ಆ ಹೊತ್ತಿಗೆ ಎಡಗಣ್ಣಿಗೂ ಪೊರೆ ಬಂದಿತು. 1771ರಲ್ಲಿ ಅವನ ಮನೆ ಬೆಂಕಿಗೆ ಆಹುತಿಯಾದಾಗ ಒಬ್ಬ ಸಾಹಸಿ ಅವನನ್ನು ಹೊತ್ತು ಹೊರತಂದು ಉಳಿಸಿದನು. ಕಣ್ಣಿಲ್ಲ, ಮನೆಯಿಲ್ಲ, ಆದರೂ ಕೆಲಸ ನಿಲ್ಲಲಿಲ್ಲ. ಅವನು ಮನಸ್ಸಿನಲ್ಲಿಯೇ ಲೆಕ್ಕ ಮಾಡಿ ಹೇಳುತ್ತಿದ್ದನು, ಶಿಷ್ಯರು ಬರೆದುಕೊಳ್ಳುತ್ತಿದ್ದರು.

ಮರುವರ್ಷವೇ ಅವನು ಮತ್ತೊಂದು ಬೃಹತ್ಸಂಖ್ಯೆಯ ಗುಣವನ್ನು ಪ್ರಕಟಿಸಿದನು. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ ಬರುವ 2,14,74,83,647 ಅವಿಭಾಜ್ಯವೆಂದು ಸಾಧಿಸಿದನು. ಇಲ್ಲಿಯೂ ಅದೇ ಜಾಣ್ಮೆ: ಅಪವರ್ತನವಿದ್ದರೆ ಅದನ್ನು 248ರಿಂದ ಭಾಗಿಸಿದಾಗ 1 ಇಲ್ಲವೆ 63 ಶೇಷ ಉಳಿಯಬೇಕು. ಅಂತಹ ಯಾವ ಅವಿಭಾಜ್ಯವೂ ಆ ಸಂಖ್ಯೆಯನ್ನು ಭಾಗಿಸಲಿಲ್ಲ. ಅದು ಬಹುಕಾಲ ಲೋಕಕ್ಕೆ ತಿಳಿದ ಅತಿ ದೊಡ್ಡ ಅವಿಭಾಜ್ಯವಾಗಿತ್ತು.

1783ರ ಸೆಪ್ಟೆಂಬರ್ 18ರಂದು ಆಯ್ಲರನು ತೀರಿಕೊಂಡನು. ಅಂದೂ ಅವನು ಯುರೇನಸ್ ಗ್ರಹದ ಕಕ್ಷೆಯ ವಿಚಾರದಲ್ಲಿ ತೊಡಗಿದ್ದನು. ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಪರೀಕ್ಷಿಸದೆ ಒಪ್ಪಬಾರದೆಂಬುದಕ್ಕೆ ಅವನ ಮೊದಲ ಸಂಖ್ಯೆ ಸಾಕ್ಷಿ. ಕಣ್ಣು ಕೈಬಿಟ್ಟರೂ ಬುದ್ಧಿ ಬೆಳಕು ಕಾಣಬಲ್ಲುದೆಂಬುದಕ್ಕೆ ಎರಡನೆಯದು ಸಾಕ್ಷಿ.