ಕನ್ನಡಿಯಲ್ಲಿ ಬೆಳಕು ಹಿಡಿದ ವಿ.ಕೆ. ಮೂರ್ತಿ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಊರಿಗೆ ಕಿರುಚಿತ್ರ ತೆಗೆಯಲು ಹೊರಡುವ ವಿದ್ಯಾರ್ಥಿ ತಂಡಕ್ಕೆ ಎದುರಾಗುವ ಮೊದಲ ತೊಡಕು ಬೆಳಕಿನದು. ಹೆಂಚಿನ ಮನೆಯೊಳಗೆ ಕತ್ತಲೆ, ಅಂಗಳದಲ್ಲಿ ಕಣ್ಣು ಕೋರೈಸುವ ಬಿಸಿಲು. ದೀಪಗಳನ್ನು ಬಾಡಿಗೆಗೆ ತರಲು ಹಣವಿರುವುದಿಲ್ಲ. ಕೊನೆಗೆ ಯಾರೋ ಒಬ್ಬರು ಬಾಗಿಲ ಹೊರಗೆ ಕನ್ನಡಿಯನ್ನೋ ಥರ್ಮೋಕೋಲ್ ಹಲಗೆಯನ್ನೋ ಹಿಡಿದು ಸೂರ್ಯನನ್ನು ಒಳಗೆ ಕರೆತರುತ್ತಾರೆ. ಇದೇ ಉಪಾಯದಿಂದ ಭಾರತೀಯ ಚಿತ್ರರಂಗದ ಅವಿಸ್ಮರಣೀಯ ದೃಶ್ಯವೊಂದನ್ನು ಸೆರೆಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ.

1923ರ ನವೆಂಬರ್ 26ರಂದು ಜನಿಸಿದ ವೆಂಕಟರಾಮ ಪಂಡಿತ ಕೃಷ್ಣಮೂರ್ತಿ ಅವರಿಗೆ ಬಾಲ್ಯದಲ್ಲಿಯೇ ಸಿನಿಮಾದ ಗೀಳು ಹತ್ತಿತ್ತು. ಚಿತ್ರರಂಗ ಸೇರುವ ಆಸೆಯಿಂದ ಮುಂಬಯಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗಿದರು. ಪಿಟೀಲು ಕಲಿತರು. ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡು ಸೆರೆವಾಸವನ್ನೂ ಅನುಭವಿಸಿದರು.

ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅವರ ಬಾಳಿಗೆ ದಾರಿ ತೋರಿಸಿತು. ಅಲ್ಲಿನ ಛಾಯಾಗ್ರಹಣ ತರಗತಿಯ ಮೊದಲ ತಂಡದ ವಿದ್ಯಾರ್ಥಿಯಾಗಿ 1946ರಲ್ಲಿ ಡಿಪ್ಲೊಮಾ ಪಡೆದರು. ಆಗ ಮಹಾಯುದ್ಧದ ಕಾಲ. ಕಚ್ಚಾ ಫಿಲ್ಮ್ ವಿದೇಶದಿಂದ ಬರಬೇಕಿತ್ತು. ಸರಕಾರ ಅದಕ್ಕೆ ನಿಯಂತ್ರಣ ಹೇರಿತ್ತು. ಸಾವಿರ ಅಡಿ ಫಿಲ್ಮ್ ತೆರೆಯ ಮೇಲೆ ಓಡುವುದು ಸುಮಾರು ಹನ್ನೊಂದು ನಿಮಿಷ ಮಾತ್ರ. ತೆಗೆದ ಚಿತ್ರ ಸರಿಯಾಗಿದೆಯೇ ಎಂಬುದು ಪ್ರಯೋಗಾಲಯದಲ್ಲಿ ಸಂಸ್ಕರಣೆಯಾದ ಮೇಲಷ್ಟೇ ತಿಳಿಯುತ್ತಿತ್ತು. ತಪ್ಪಿದರೆ ಅಳಿಸಿ ಮತ್ತೆ ತೆಗೆಯುವ ಇಂದಿನ ಅನುಕೂಲ ಆ ಪೀಳಿಗೆಗೆ ಇರಲಿಲ್ಲ. ಗುಂಡಿ ಒತ್ತುವ ಮೊದಲೇ ಬೆಳಕನ್ನು ಮನಸ್ಸಿನಲ್ಲಿ ಅಳೆದುಕೊಳ್ಳಬೇಕಿತ್ತು.

ಡಿಪ್ಲೊಮಾ ಕೈಯಲ್ಲಿದ್ದರೂ ಮುಂಬಯಿಯಲ್ಲಿ ಸ್ವತಂತ್ರ ಅವಕಾಶ ಸುಲಭವಾಗಿ ಒಲಿಯಲಿಲ್ಲ. ಫಾಲಿ ಮಿಸ್ತ್ರಿ ಮೊದಲಾದವರ ಬಳಿ ಸಹಾಯಕರಾಗಿ ವರ್ಷಗಟ್ಟಲೆ ದುಡಿದರು. 1951ರಲ್ಲಿ ‘ಬಾಜಿ’ ಚಿತ್ರೀಕರಣದ ವೇಳೆ, ಸಹಾಯಕರಾಗಿದ್ದ ಮೂರ್ತಿ ಒಂದು ಕ್ಲಿಷ್ಟ ಚಲನೆಯ ದೃಶ್ಯವನ್ನು ಸೂಚಿಸಿ ತಾವೇ ಕ್ಯಾಮೆರಾ ನಡೆಸಿ ತೋರಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ನಿರ್ದೇಶಕ ಗುರುದತ್ ಅದಕ್ಕೆ ಮಾರುಹೋದರು. ಮರುವರ್ಷದ ‘ಜಾಲ್’ ಚಿತ್ರಕ್ಕೆ ಮೂರ್ತಿಯವರೇ ಛಾಯಾಗ್ರಾಹಕರಾದರು. ‘ಪ್ಯಾಸಾ’ (1957), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರಗಳ ನೆರಳು ಬೆಳಕಿನ ಸೊಬಗು ಈ ಜೋಡಿಯದೇ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿಗೆ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಇಳಿದು ಬರುವ ಬೆಳಕಿನ ಕೋಲು ಬೇಕಿತ್ತು. ಸ್ಟುಡಿಯೋದ ದೊಡ್ಡ ದೀಪಗಳಿಂದ ಅದು ಮೂಡಲಿಲ್ಲ. ಮೂರ್ತಿಯವರು ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಹಿಡಿಸಿ, ಆ ಬೆಳಕನ್ನು ಎತ್ತರದಲ್ಲಿಟ್ಟ ಮತ್ತೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಗುರುದತ್ ಮತ್ತೆಂದೂ ತಮ್ಮ ಹೆಸರಿನಲ್ಲಿ ಚಿತ್ರ ನಿರ್ದೇಶಿಸಲಿಲ್ಲ. ಛಾಯಾಗ್ರಹಣಕ್ಕೆ ಮಾತ್ರ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು.

1964ರ ಅಕ್ಟೋಬರ್‌ನಲ್ಲಿ ಗುರುದತ್ ಅಕಾಲ ಮರಣಕ್ಕೀಡಾದಾಗ ಮೂರ್ತಿಯವರ ಬಾಳಿನ ಮುಖ್ಯ ಅಧ್ಯಾಯವೊಂದು ಮುಗಿಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ಅದೇ ಬೆಂಗಳೂರು ಸಂಸ್ಥೆಯಲ್ಲಿ ಕಲಿತು ತಮ್ಮ ಸಹಾಯಕರಾಗಿದ್ದ ಗೋವಿಂದ ನಿಹಲಾನಿ ಅವರ ‘ತಮಸ್’ (1988) ಧಾರಾವಾಹಿಗೂ ದುಡಿದರು. ಗುರು ಶಿಷ್ಯನ ನಿರ್ದೇಶನದಲ್ಲಿ ಕೆಲಸ ಮಾಡಿದ್ದು ಅವರ ವಿನಯಕ್ಕೆ ಸಾಕ್ಷಿ. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ (1993) ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 2010ರಲ್ಲಿ ಅವರ ಕೈಸೇರಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 2014ರ ಏಪ್ರಿಲ್ 7ರಂದು, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು.

ಇಂದಿನ ವಿದ್ಯಾರ್ಥಿಯ ಕಿಸೆಯಲ್ಲಿರುವ ಫೋನು ಮೂರ್ತಿಯವರ ಕಾಲದ ಕ್ಯಾಮೆರಾಗಿಂತ ಕಡಿಮೆ ಬೆಳಕಿನಲ್ಲಿಯೂ ಚಿತ್ರ ತೆಗೆಯುತ್ತದೆ. ಆದರೆ ಬೆಳಕು ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅದು ನಿರ್ಧರಿಸದು. ತಿಪ್ಪಸಂದ್ರದ ಬಯಲಿನಲ್ಲಿ ಹೊತ್ತು ಇಳಿಯುವುದನ್ನು ಕಂಡು ಕಂಗಾಲಾಗುವ ತಂಡಕ್ಕೆ ಮೂರ್ತಿಯವರ ಬದುಕು ಧೈರ್ಯ ತುಂಬಬಲ್ಲದು.