ಪುರಭವನದ ಹೆಸರಿನ ಹಿಂದೆ ಒಂದು ಶಾಲೆ

ದಿನಾ ಸ್ಟೇಟ್‌ಬ್ಯಾಂಕಿಗೆ ಹೋಗಿ ಬರುವವರಿಗೆ ಪುರಭವನ ಗೊತ್ತಿಲ್ಲದ್ದಲ್ಲ. ನಾಟಕ, ಯಕ್ಷಗಾನ, ಸನ್ಮಾನ ಎಂದು ಒಳಗೆ ಹೋಗಿ ಕೂತವರೂ ಬೇಕಾದಷ್ಟು ಮಂದಿ. ಆದರೆ ಅದರ ಪೂರ್ತಿ ಹೆಸರು ಎಂತದ್ದು ಎಂದು ಕೇಳಿ ನೋಡಿ, ಹೆಚ್ಚಿನವರು ಟೌನ್‌ಹಾಲ್ ಅಂದುಬಿಟ್ಟು ಮುಂದೆ ಹೋಗುತ್ತಾರೆ. ಅದು ಕುದ್ಮುಲ್ ರಂಗರಾವ್ ಪುರಭವನ. ಈ ರಂಗರಾಯರು ಯಾರು? ದುಡ್ಡಿನ ಸಾಹುಕಾರರೋ, ಮಂತ್ರಿಗಳೋ? ಎರಡೂ ಅಲ್ಲ ಮಾರಾಯ್ರೆ. ಶಾಲೆ ತೆರೆದು ಊರಿನ ಬೈಗುಳ ತಿಂದ ಒಬ್ಬ ವಕೀಲರು.

ನಮ್ಮೂರು ಶಾಲೆಗಳ ಊರು. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನಿನವರು 1836ರಲ್ಲೇ ಇಲ್ಲಿ ಕನ್ನಡ ಶಾಲೆ ಶುರು ಮಾಡಿದರು. ಆಮೇಲೆ ಒಂದರ ಹಿಂದೆ ಒಂದು ಶಾಲೆ ಬಂತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ತೆರೆದರು. ಎಲ್ಲ ಸರಿ. ಆದರೆ ಪಂಚಮರು ಎಂದು ಕರೆದು ದೂರ ನಿಲ್ಲಿಸಿದ್ದ ಜನರ ಮಕ್ಕಳಿಗೆ ಹೆಚ್ಚಿನ ಶಾಲೆಗಳ ಜಗಲಿಯಲ್ಲೂ ಜಾಗ ಇರಲಿಲ್ಲ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ. ಜಾತಿಯಲ್ಲಿ ಸಾರಸ್ವತ ಬ್ರಾಹ್ಮಣರು. ಹುಡುಗರಾಗಿದ್ದಾಗಲೇ ತಂದೆ ತೀರಿಹೋದರು, ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದರು. ಮೊದಲು ಮೇಷ್ಟ್ರ ಕೆಲಸ, ಆಮೇಲೆ ಪರೀಕ್ಷೆ ಪಾಸು ಮಾಡಿ ವಕೀಲಿ. ಬಡವರ ವಕೀಲರೆಂದು ಹೆಸರಾಯಿತು. 1870ರಿಂದ ಇಲ್ಲಿದ್ದ ಬ್ರಹ್ಮ ಸಮಾಜವನ್ನೂ ಸೇರಿದರು. ಅಷ್ಟಕ್ಕೇ ನಿಂತಿದ್ದರೆ ಸುಖವಾಗಿ ಇರಬಹುದಿತ್ತು.

1892ರಲ್ಲಿ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರಿಗೆ ಶಾಲೆ ಬಂದು ಐವತ್ತಾರು ವರ್ಷ ಆದ ಮೇಲೆ! ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆಗೆ ಹೋಗುವ ಮಕ್ಕಳಿಗೂ ಮೇಷ್ಟ್ರಿಗೂ ದಾರಿಯಲ್ಲಿ ಕಾಟ. ಕಲಿಸಲು ಮೇಲ್ಜಾತಿಯ ಮೇಷ್ಟ್ರು ಸಿಗಲಿಲ್ಲ, ಬಂದವರು ಕ್ರೈಸ್ತ ಉಪಾಧ್ಯಾಯರು. ಶಾಲೆಯನ್ನು ಚಿಲಿಂಬಿಯಿಂದ ಎಬ್ಬಿಸಬೇಕಾಯಿತು. ರಾಯರು ಬಿಡಲಿಲ್ಲ. ಕಂಕನಾಡಿ, ಬೋಕಪಟ್ಣ, ಅತ್ತಾವರ, ಬಾಬುಗುಡ್ಡೆ ಎಂದು ಒಂದೊಂದೇ ಕಡೆ ಶಾಲೆ ಎದ್ದವು. 1897ರಲ್ಲಿ ಇದಕ್ಕೆಲ್ಲ ಒಂದು ಸಂಸ್ಥೆ ಕಟ್ಟಿದರು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಶನ್, ಬಾಯಿಮಾತಿನಲ್ಲಿ ಡಿ.ಸಿ.ಎಂ.

ಅಂಗಡಿಯಲ್ಲಿ ಕೂತವರಿಗೆ ಅವರ ಒಂದು ಲೆಕ್ಕ ಬೇಗ ಅರ್ಥವಾದೀತು. ಕೂಲಿಯವನ ಮಗು ಶಾಲೆಗೆ ಹೋದರೆ ಮನೆಗೆ ಆ ದಿನದ ಗಂಜಿ ಖೋತಾ. ಪುಕ್ಕಟೆ ಪಾಠ ಎಂದರೂ ಅದು ನಷ್ಟದ ವ್ಯಾಪಾರವೇ. ಹಾಗಾಗಿ ರಾಯರು ಫೀಸು ಬಿಟ್ಟದ್ದು ಮಾತ್ರ ಅಲ್ಲ, ಮಗುವನ್ನು ಕಳಿಸಿದ್ದಕ್ಕೆ ದಿನಕ್ಕೆ ಎರಡು ಪೈಸೆ ತಾವೇ ಕೊಟ್ಟರು. ಮಧ್ಯಾಹ್ನ ಊಟವನ್ನೂ ಹಾಕಿದರು. ಸರಕಾರಿ ಶಾಲೆಯ ಬಿಸಿಯೂಟ ಬಂದದ್ದು ಎಷ್ಟೋ ಕಾಲದ ನಂತರ. ಅಕ್ಷರದ ಜೊತೆಗೆ ಮರಗೆಲಸ, ನೇಯ್ಗೆ, ಹೊಲಿಗೆ ಕೂಡ ಕಲಿಸಿದರು. ಓದಿದ ಹುಡುಗ ಮತ್ತೆ ಧಣಿಯ ಅಂಗಳಕ್ಕೇ ಹೋಗಿ ನಿಲ್ಲಬಾರದಲ್ಲ?

ಹೇಳಿದ್ದನ್ನು ಅವರು ಮನೆಯಲ್ಲೂ ಮಾಡಿದರು. ಮಗಳು ರಾಧಾಬಾಯಿಯ ಮದುವೆ ಜಾತಿ ದಾಟಿ ನಡೆಯಿತು. ಅಳಿಯ ಡಾ. ಪಿ. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರು.

ಅಳಿಯ ಮುಖ್ಯಮಂತ್ರಿಯಾಗಿದ್ದಾಗ ಮಾವ ಏನು ಮಾಡಿದರು ಗೊತ್ತಾ? 1927ರಲ್ಲಿ ಸನ್ಯಾಸ ತೆಗೆದುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ತೋಟಿಗಳು ಹೊರಬೇಕು ಎಂದು ಮೊದಲೇ ಹೇಳಿಟ್ಟಿದ್ದರು, ಹಾಗೆಯೇ ಆಯಿತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಾಯರ ಸಂಸ್ಥೆಯನ್ನು ನೋಡಿಹೋದರು.

ಅವರದ್ದೊಂದು ಆಸೆ ಇತ್ತು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂಬುದು. ಸಮಾಧಿಯ ಮೇಲೂ ಇದನ್ನೇ ಬರೆದಿದ್ದಾರೆ. ಈಗ ಕಾಂಕ್ರೀಟು ರಸ್ತೆ ಬಂದರೂ ಮಂಗಳೂರಿನಲ್ಲಿ ಧೂಳಿಗೇನೂ ಬರ ಇಲ್ಲ. ಕಾರುಗಳಿಗೂ ಬರ ಇಲ್ಲ. ಅದರೊಳಗೆ ಯಾರ ಮಕ್ಕಳು ಕೂತಿದ್ದಾರೆ ಎಂಬುದೇ ರಾಯರ ಲೆಕ್ಕ.

ನೂರು ವರ್ಷ ತುಂಬಿದ ಶಾಲೆಗಳ ಹಬ್ಬಕ್ಕೆ ರಶೀದಿ ಪುಸ್ತಕ ಹಿಡಿದು ನಿಮ್ಮ ಅಂಗಡಿಗೂ ಯಾರಾದರೂ ಬಂದಾರು. ಕೈಲಾದಷ್ಟು ಕೊಡಿ, ಇಲ್ಲ ಅನ್ನಬೇಡಿ. ಹಳೆ ಶಾಲೆ ಊರಿನ ಆಸ್ತಿ. ಆದರೆ ಕೊಡುವಾಗ ಒಂದು ಮಾತು ಕೇಳಿ: ನಿಮ್ಮ ಶಾಲೆಗೆ ವರ್ಷ ಎಷ್ಟಾಯಿತು ಎಂದಲ್ಲ, ಹಳೆ ಹಾಜರಿ ಪುಸ್ತಕದಲ್ಲಿ ಯಾರ ಯಾರ ಮಕ್ಕಳ ಹೆಸರು ಉಂಟು ಎಂದು.