ಸ್ಟೈಲಸ್ ಒಳಗೆ ಕೂತಿರೋ ಬುಕ್ ಬೈಂಡರ್

ಟ್ಯಾಬ್‌ನ ಅಂಚಿಗೆ ಸ್ಟೈಲಸ್ ಹಿಡಿದ ಕೂಡಲೇ ಟಪ್ ಅಂತ ಅಂಟಿಕೊಳ್ಳುತ್ತೆ. ಪರದೆಯ ಮೇಲೆ ಪುಟ್ಟದೊಂದು ಬ್ಯಾಟರಿ ಚಿತ್ರ ಮೂಡಿ ಮಾಯವಾಗುತ್ತೆ. ವೈರ್ ಇಲ್ಲ, ಪಿನ್ ಇಲ್ಲ. ನಾವು ಅದನ್ನ ನೋಡೋದೂ ಇಲ್ಲ, ಚಾರ್ಜ್ ಆಗದೇ ಇದ್ದ ದಿನ ಮಾತ್ರ ನೋಡ್ತೀವಿ. ಆದ್ರೆ ಆ ಪೆನ್ನು ಕೆಲಸ ಮಾಡೋಕೆ ಮೂರು ಸಂಗತಿ ನಡೀಬೇಕು. ಸಂದಿಯನ್ನು ದಾಟಿ ಶಕ್ತಿ ಒಳಗೆ ಬರಬೇಕು, ಅದು ಕಡ್ಡಿಯಷ್ಟು ಸಣ್ಣ ಸೆಲ್‌ನಲ್ಲಿ ಉಳೀಬೇಕು, ಪೆನ್ನಿನ ತುದಿ ಎಲ್ಲಿದೆ ಅಂತ ಗಾಜಿಗೆ ಗೊತ್ತಾಗಬೇಕು. ಮೂರರ ಬೇರನ್ನೂ ಹುಡುಕ್ತಾ ಹೋದ್ರೆ ಒಬ್ಬನೇ ಮನುಷ್ಯ ಸಿಗ್ತಾನೆ: ಮೈಕೆಲ್ ಫ್ಯಾರಡೆ. ನಮ್ಮ ಫಸ್ಟ್ ಸೆಮ್ ಮ್ಯಾಥ್ಸ್ ಪೇಪರ್ ಕೊಟ್ಟಿದ್ರೆ ಖಂಡಿತ ಬ್ಯಾಕ್ ಉಳಿಸಿಕೊಳ್ತಿದ್ದ ಮನುಷ್ಯ.

ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ಅಪ್ಪ ಜೇಮ್ಸ್ ಕಮ್ಮಾರ, ಆರೋಗ್ಯ ಸರಿಯಿಲ್ಲದ ಕಮ್ಮಾರ. ಅಂದ್ರೆ ಕುಲುಮೆ ಉರಿಯದ ದಿನ ಮನೆಯ ಒಲೆಯೂ ಉರಿಯಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನಿಗೆ ವಾರಕ್ಕೆ ಒಂದೇ ಬ್ರೆಡ್ಡು ಕೊಟ್ಟು, ಇದರಲ್ಲೇ ಏಳು ದಿನ ಕಳಿ ಅಂತ ಬಿಟ್ಟಿದ್ದರಂತೆ. ಸ್ಕೂಲಲ್ಲಿ ಓದು, ಬರಹ, ಕೂಡಿಸು-ಕಳೆ, ಅಷ್ಟೇ. 13ನೇ ವಯಸ್ಸಿಗೆ ಬ್ಲಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಅನ್ನೋ ಪುಸ್ತಕ ವ್ಯಾಪಾರಿಯ ಹತ್ತಿರ ಪೇಪರ್ ಹಂಚೋ ಕೆಲಸ, ಮರುವರ್ಷದಿಂದ ಏಳು ವರ್ಷ ಬೈಂಡಿಂಗ್ ಕಲಿಯೋ ಕರಾರು.

ಬೈಂಡ್ ಮಾಡೋಕೆ ಬಂದ ಪುಸ್ತಕಗಳನ್ನ ಹುಡುಗ ಓದೋಕೆ ಶುರು ಮಾಡಿದ. ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಅನ್ನೋ ಹೆಣ್ಣುಮಗಳು ಬರೆದ ರಸಾಯನಶಾಸ್ತ್ರದ ಸಂಭಾಷಣೆಗಳು. ಓದಿದ್ದನ್ನ ಕೈಗೆ ಸಿಕ್ಕ ಬಾಟಲಿ, ತಂತಿಗಳಲ್ಲಿ ಮಾಡಿ ನೋಡೋದು. ಯಜಮಾನ ರೀಬೋ ಬೈಯಲಿಲ್ಲ, ಗಿರಾಕಿಗಳಿಗೆ ತೋರಿಸಿದ. ಅವರಲ್ಲೊಬ್ಬ ವಿಲಿಯಂ ಡಾನ್ಸ್, 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟ. ನಾಲ್ಕು ಉಪನ್ಯಾಸ. ಹುಡುಗ ಕೇಳಿದ್ದನ್ನೆಲ್ಲ ಗುರುತು ಹಾಕಿಕೊಂಡು, ಮನೆಗೆ ಬಂದು ಚಿತ್ರಸಮೇತ ಸುಮಾರು 300 ಪುಟ ಬರೆದು, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ, ಜೊತೆಗೊಂದು ಕೆಲಸದ ಅರ್ಜಿ. ಕ್ಲಾಸ್ ನೋಟ್ಸಿನಿಂದ ಪ್ಲೇಸ್‌ಮೆಂಟ್ ಆದ ಉದಾಹರಣೆ ಇದಕ್ಕಿಂತ ದೊಡ್ಡದು ನನಗಂತೂ ಗೊತ್ತಿಲ್ಲ.

ಡೇವಿ ಮೊದಲು, ಬೈಂಡಿಂಗ್ ಬಿಡಬೇಡ ಅಂತಲೇ ಬುದ್ಧಿ ಹೇಳಿದ. ಆಮೇಲೆ ಲ್ಯಾಬ್‌ನಲ್ಲಿದ್ದ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳಕೊಂಡ. 1813ರ ಮಾರ್ಚ್ 1ಕ್ಕೆ ಫ್ಯಾರಡೆ ನೇಮಕವಾಯ್ತು: ವಾರಕ್ಕೆ 25 ಶಿಲ್ಲಿಂಗ್, ಅಟ್ಟದ ಮೇಲೆ ಎರಡು ರೂಮು. ಅದೇ ವರ್ಷ ಡೇವಿ ದಂಪತಿ ಯುರೋಪ್ ಪ್ರವಾಸಕ್ಕೆ ಹೊರಟಾಗ ಡೇವಿಯ ಸೇವಕ ಬರೋದಿಲ್ಲ ಅಂದುಬಿಟ್ಟ, ಆ ಕೆಲಸವೂ ಫ್ಯಾರಡೆ ತಲೆಗೇ ಬಂತು. ಒಂದೂವರೆ ವರ್ಷದ ಈ ಪ್ರವಾಸದಲ್ಲಿ ಆಂಪಿಯರ್ ಸಿಕ್ಕರು, ಮುದಿ ವೋಲ್ಟಾ ಸಿಕ್ಕರು. ಜೊತೆಗೆ ಡೇವಿಯ ಹೆಂಡತಿ ಇವರನ್ನ ಸೇವಕರ ಜೊತೆ ಕೂತು ಉಣ್ಣು ಅಂತ ಕೂರಿಸಿದರು. ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿದ್ದೂ ಉಂಟು, ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಕಾಗದಗಳಲ್ಲಿ ಆ ಸಂಕಟ ಕಾಣುತ್ತೆ.

ಅವಮಾನ ಅಲ್ಲಿಗೇ ಮುಗೀಲಿಲ್ಲ. 1821ರ ಸೆಪ್ಟೆಂಬರ್‌ನಲ್ಲಿ, ಮದುವೆಯಾಗಿ ಮೂರು ತಿಂಗಳೂ ಆಗಿರಲಿಲ್ಲ, ಪಾದರಸದ ಬಟ್ಟಲಲ್ಲಿ ಅಯಸ್ಕಾಂತ ನಿಲ್ಲಿಸಿ ಕರೆಂಟ್ ಹರಿಯೋ ತಂತಿ ಅದರ ಸುತ್ತ ತಿರುಗೋ ಹಾಗೆ ಮಾಡಿದರು. ಮೋಟರ್‌ನ ಮೊದಲ ಸುತ್ತು ಅದು. ತಕ್ಷಣ ಅಚ್ಚು ಹಾಕಿಸಿದರು. ಅದೇ ದಾರಿಯಲ್ಲಿ ಮೊದಲು ಯೋಚಿಸಿದ್ದ ವೊಲಾಸ್ಟನ್ ಅವರ ಹೆಸರನ್ನ ಅದರಲ್ಲಿ ಹೇಳದೇ ಇದ್ದದ್ದು ದೊಡ್ಡ ಗಲಾಟೆಯಾಯ್ತು, ಕದ್ದ ಅಂತ ಮಾತು ಹರಡಿತು. ರಾಯಲ್ ಸೊಸೈಟಿಗೆ ಹೆಸರು ಬಂದಾಗ ವಿರೋಧಿಸಿದ್ದು ಬೇರೆ ಯಾರೂ ಅಲ್ಲ, ಅಧ್ಯಕ್ಷರಾಗಿದ್ದ ಡೇವಿಯೇ. 1824ರ ಜನವರಿಯಲ್ಲಿ ಆಯ್ಕೆ ಆಯ್ತು, ವಿರುದ್ಧ ಬಿದ್ದದ್ದು ಒಂದೇ ಮತ. ಫ್ಯಾರಡೆ ಡೇವಿಯನ್ನ ಕೊನೆವರೆಗೂ ಗುರು ಅಂತಲೇ ಗೌರವಿಸಿದರು. ಆದ್ರೂ ಗುರು 1829ರಲ್ಲಿ ತೀರಿಕೊಂಡ ಮೇಲೆಯೇ ಶಿಷ್ಯನ ದೊಡ್ಡ ಕೆಲಸ ಹೊರಬಂದದ್ದು ಬರೀ ಕಾಕತಾಳೀಯ ಅಂತ ನನಗನ್ನಿಸಲ್ಲ.

ಈಗ ಪೆನ್ನಿಗೆ ಬರೋಣ. ಕರೆಂಟಿನಿಂದ ಅಯಸ್ಕಾಂತತೆ ಬರುತ್ತೆ ಅಂತ ಆಗಲೇ ಗೊತ್ತಿತ್ತು. ಉಲ್ಟಾ ಬರುತ್ತಾ ಅಂತ ಫ್ಯಾರಡೆ 1820ರ ದಶಕದಲ್ಲಿ ಹಲವು ಸಲ ಪ್ರಯತ್ನಿಸಿ ಕೈಚೆಲ್ಲಿದ್ದರು. 1831ರ ಆಗಸ್ಟ್ 29ರಂದು ಆರು ಇಂಚು ವ್ಯಾಸದ ಮೆತು ಕಬ್ಬಿಣದ ಬಳೆಯೊಂದನ್ನ ತಗೊಂಡರು. ಒಂದು ಬದಿಗೆ ತಾಮ್ರದ ತಂತಿಯ ಸುರುಳಿ, ಇನ್ನೊಂದು ಬದಿಗೆ ಮತ್ತೊಂದು. ಇವತ್ತಿನ ಹಾಗೆ ಎನಾಮಲ್ ಹಚ್ಚಿದ ತಂತಿ ಅಂಗಡಿಯಲ್ಲಿ ಸಿಗ್ತಿರಲಿಲ್ಲ. ಸುತ್ತು ಸುತ್ತಿಗೂ ನಡುವೆ ಹುರಿ, ಪದರ ಪದರಕ್ಕೂ ನಡುವೆ ಹತ್ತಿ ಬಟ್ಟೆ ಕೂರಿಸುತ್ತಾ ಕೈಯಲ್ಲೇ ಸುತ್ತಬೇಕು. ಪುಸ್ತಕ ಹೊಲಿದ ಕೈಗೆ ಅದು ಹೊಸದಲ್ಲ. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದರ ತಂತಿಯನ್ನ ಮೂರಡಿ ದೂರದ ಅಯಸ್ಕಾಂತ ಸೂಜಿಯ ಮೇಲೆ ಹಾಯಿಸಿದರು. ಬ್ಯಾಟರಿ ಜೋಡಿಸಿದ ಕ್ಷಣ ಸೂಜಿ ಅಲ್ಲಾಡಿತು, ಮತ್ತೆ ಸುಮ್ಮನೆ ನಿಂತಿತು. ಬ್ಯಾಟರಿ ಕಿತ್ತಾಗ ಮತ್ತೆ ಅಲ್ಲಾಡಿತು. ನಡುವೆ ಕರೆಂಟ್ ಎಷ್ಟೇ ಹರಿದರೂ ಏನೂ ಇಲ್ಲ.

ಹಿಂದಿನ ಸೋಲುಗಳ ಗುಟ್ಟು ಅಲ್ಲೇ ಇತ್ತು. ಎಲ್ಲರೂ ಸ್ಥಿರವಾದ ಪರಿಣಾಮಕ್ಕೆ ಕಾಯ್ತಾ ಇದ್ರು, ಬೇಕಾಗಿದ್ದದ್ದು ಬದಲಾವಣೆ. ನಿಮ್ಮ ಸ್ಟೈಲಸ್ ಅಂಟೋದು ಅದೇ ಬಳೆಯನ್ನ ಎರಡು ಹೋಳು ಮಾಡಿದ ಹಾಗೆ: ಒಂದು ಸುರುಳಿ ಟ್ಯಾಬ್‌ನ ಅಂಚಲ್ಲಿ, ಇನ್ನೊಂದು ಪೆನ್ನಿನ ಹೊಟ್ಟೇಲಿ. ಬ್ಯಾಟರಿಯ ನೇರ ಕರೆಂಟ್ ಇದಕ್ಕೆ ಸಾಲಲ್ಲ, ಟ್ಯಾಬ್ ಅದನ್ನ ಹಿಂದೆ-ಮುಂದೆ ಹರಿಸ್ತಾ ಇರಬೇಕು. ಮಾಮೂಲಿ ವೈರ್‌ಲೆಸ್ ಚಾರ್ಜರ್‌ಗಳಲ್ಲಿ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ. ಸುರುಳಿಗಳ ನಡುವೆ ಸಂದಿ ಹೆಚ್ಚಾದಷ್ಟೂ ಈ ಸಂಬಂಧ ಬೇಗ ಸಡಿಲವಾಗುತ್ತೆ, ಅದಕ್ಕೇ ದಪ್ಪ ಕವರ್ ಮೇಲಿಂದ ಅಂಟಿಸಿದ್ರೆ, ಅಥವಾ ಒಂದು ಚೂರು ಪಕ್ಕಕ್ಕೆ ಜಾರಿದ್ರೆ ಚಾರ್ಜ್ ಆಗದೇ ಇರಬಹುದು. ನಡುವೆ ಲೋಹದ ಸ್ಟಿಕ್ಕರ್ ಇದ್ರಂತೂ ಶಕ್ತಿ ಆ ಲೋಹದಲ್ಲೇ ಸುಳಿಯಾಗಿ ಸುತ್ತಿ ಬಿಸಿಯಾಗಿ ಹೋಗುತ್ತೆ. ಅಂಟೋ ಜಾಗವನ್ನ ಒಣ ಬಟ್ಟೆಯಲ್ಲಿ ಒರೆಸಿ, ಸರಿಯಾದ ಜಾಗದಲ್ಲಿ ಕೂತಿದೆಯಾ ನೋಡಿ. ಅರ್ಧ ಕಂಪ್ಲೇಂಟ್ ಅಲ್ಲೇ ಮುಗಿಯುತ್ತೆ. ಬ್ಯಾಟರಿಯೇ ಇಲ್ಲದ ಪೆನ್ನುಗಳೂ ಇವೆ. ಅವಕ್ಕೆ ಬರೆಯುವಾಗಲೇ ಪರದೆಯ ಕೆಳಗಿನ ತಂತಿಜಾಲದಿಂದ ಶಕ್ತಿ ಬರ್ತಾ ಇರುತ್ತೆ, ಅದೂ ಇದೇ ಬಳೆಯ ಮೊಮ್ಮಗ.

ಅಕ್ಟೋಬರ್‌ನಲ್ಲಿ ಅಯಸ್ಕಾಂತವನ್ನ ಸುರುಳಿಯೊಳಗೆ ತೂರಿಸಿ ತೆಗೆದು ಕರೆಂಟ್ ಪಡೆದರು, ತಾಮ್ರದ ತಟ್ಟೆ ತಿರುಗಿಸಿ ಮೊದಲ ಜನರೇಟರ್ ಮಾಡಿದರು, ನವೆಂಬರ್ 24ಕ್ಕೆ ರಾಯಲ್ ಸೊಸೈಟಿಯಲ್ಲಿ ವರದಿ ಓದಿಸಿದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಹೋದ ಕರೆಂಟಿನ ಮೂಲವೂ ಇಲ್ಲೇ. ಮಂತ್ರಿಯೊಬ್ಬರು ಇದರಿಂದ ಏನುಪಯೋಗ ಅಂದಾಗ ತೆರಿಗೆ ಹಾಕಬಹುದು ಅಂದರಂತೆ ಅನ್ನೋ ಫಾರ್ವರ್ಡ್ ಕಥೆಗೆ ಗಟ್ಟಿ ಆಧಾರ ಇಲ್ಲ, ಅದನ್ನ ಬಿಡಿ.

ಎರಡನೇ ಸಂಗತಿ ಸೆಲ್. 1833-34ರಲ್ಲಿ ಫ್ಯಾರಡೆ ದ್ರಾವಣಗಳಲ್ಲಿ ಕರೆಂಟ್ ಹರಿಸಿ ತೂಕ ಹಾಕ್ತಾ ಕೂತರು. ಹರಿದ ಚಾರ್ಜ್ ಎಷ್ಟೋ, ಬೇರ್ಪಟ್ಟ ವಸ್ತುವಿನ ತೂಕ ಅದಕ್ಕೆ ಸರಿಯಾಗಿ ಅಷ್ಟೇ. ಹೇಳೋಕೆ ಪದಗಳೇ ಇರಲಿಲ್ಲ. ಗ್ರೀಕ್ ಬಲ್ಲವರನ್ನ, ಮುಖ್ಯವಾಗಿ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್ ಅವರನ್ನ ಕೇಳಿ ಆನೋಡ್, ಕ್ಯಾಥೋಡ್, ಅಯಾನ್ ಅನ್ನೋ ಪದಗಳನ್ನ ತಂದರು. ಅಯಾನ್ ಅಂದ್ರೆ ಹೋಗುವಂಥದ್ದು ಅಂತ. ಲಿಥಿಯಂ ಅಯಾನ್ ಸೆಲ್‌ನಲ್ಲಿ ನಡೆಯೋದೂ ಅದೇ, ಚಾರ್ಜ್ ಆಗುವಾಗ ಲಿಥಿಯಂ ಗ್ರಾಫೈಟ್ ಕಡೆಗೆ ಹೋಗುತ್ತೆ, ಬರೆಯುವಾಗ ವಾಪಸ್ ಬರುತ್ತೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಟೈಲಸ್ ಸಾಯೋದು ಜಾಸ್ತಿ ಬಳಸಿದ್ದಕ್ಕೆ ಮಾತ್ರ ಅಲ್ಲ, ಬಳಸದೇ ಸೊನ್ನೆಯಲ್ಲಿ ಬಿಟ್ಟಿದ್ದಕ್ಕೂ. ಇಷ್ಟು ಸಣ್ಣ ಸೆಲ್ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ರೆ ವೋಲ್ಟೇಜ್ ತೀರಾ ಕುಸಿದು ಒಳಗಿನ ತಾಮ್ರದ ಹಾಳೆಯೇ ಕರಗೋಕೆ ಶುರುವಾಗಬಹುದು. ಆಮೇಲೆ ರಕ್ಷಣಾ ಸರ್ಕ್ಯೂಟ್ ಚಾರ್ಜನ್ನೇ ಒಪ್ಪಲ್ಲ. ಸೆಮ್ ರಜೆಗೆ ಊರಿಗೆ ಹೋಗ್ತಾ ಹಾಸ್ಟೆಲಲ್ಲೇ ಬಿಟ್ಟು ಹೋಗೋದಾದ್ರೆ ಅರ್ಧ ಚಾರ್ಜಲ್ಲಿ, ತಂಪು ಜಾಗದಲ್ಲಿ ಇಡಿ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿ ಅದಕ್ಕೆ ಸ್ಮಶಾನ.

ಮೂರನೇದು ಗಾಜು. 1837ರಲ್ಲಿ ಒಂದರೊಳಗೊಂದು ಹಿತ್ತಾಳೆ ಗೋಳ ಇಟ್ಟು, ನಡುವಿನ ಜಾಗಕ್ಕೆ ಗಾಳಿ, ಅರಗು, ಗಂಧಕ ತುಂಬಿಸಿ, ನಡುವಿನ ವಸ್ತು ಬದಲಾದರೆ ಹಿಡಿಯುವ ಚಾರ್ಜೂ ಬದಲಾಗುತ್ತೆ ಅಂತ ತೋರಿಸಿದರು. ಕೆಪಾಸಿಟನ್ಸ್‌ನ ಅಳತೆಗೆ ಫ್ಯಾರಡ್ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಟಚ್ ಪರದೆಯ ಜಾಲಕ್ಕೂ ಪೆನ್ನಿನ ತುದಿಗೂ ನಡುವೆ ಇರೋದು ಇಂಥದ್ದೇ ಒಂದು ಅತಿ ಸಣ್ಣ ಕೆಪಾಸಿಟರ್. ತುದಿ ಸವೆದರೆ, ಸಡಿಲಾದರೆ ಗೆರೆ ಕಡಿದು ಕಡಿದು ಬರುತ್ತೆ. ಬ್ಯಾಟರಿ ಹೋಯ್ತು ಅಂತ ಪೆನ್ನನ್ನೇ ಬೈಯೋ ಮುಂಚೆ ತುದಿಯನ್ನ ಬಿಗಿ ಮಾಡಿ ನೋಡಿ. ಒರಟು ಸ್ಕ್ರೀನ್ ಗಾರ್ಡ್ ಹಾಕಿದವರು ಒಂದೆರಡು ತುದಿ ಎಕ್ಸ್‌ಟ್ರಾ ಇಟ್ಕೊಳ್ಳೋದು ಒಳ್ಳೇದು.

ಇಷ್ಟೆಲ್ಲ ಮಾಡಿದ ತಲೆ ಅಷ್ಟರಲ್ಲಿ ದಣಿದಿತ್ತು. 1839ರ ಕೊನೆಯ ಹೊತ್ತಿಗೆ ತಲೆಸುತ್ತು, ತಲೆನೋವು, ಮರೆವು ಸೇರಿ ಫ್ಯಾರಡೆ ಕುಸಿದರು. 1841ರಲ್ಲಿ ಹೆಂಡತಿ ಸಾರಾ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗಿ ತಿಂಗಳುಗಟ್ಟಲೆ ನಡೆದಾಡಿದರು. ಮರೆವಿಗೆ ಅವರ ಹತ್ತಿರ ಇದ್ದ ಮದ್ದು ಒಂದೇ, ಬರೆದಿಡೋದು. ಲ್ಯಾಬ್ ಡೈರಿಯ ಪ್ಯಾರಾಗಳಿಗೆ ನಂಬರ್ ಹಾಕ್ತಾ ಹೋದರು, ಕೊನೆಗೆ ಅದು 16,000 ದಾಟಿತು. ಸರಿಹೋದದ್ದರ ಪಕ್ಕದಲ್ಲೇ ಸರಿಹೋಗದ್ದೂ ಇದೆ. 1845ರಲ್ಲಿ ಮತ್ತೆ ಎದ್ದು, ಅಯಸ್ಕಾಂತ ಬೆಳಕಿನ ಧ್ರುವೀಕರಣವನ್ನೇ ತಿರುಗಿಸುತ್ತೆ ಅಂತ ತೋರಿಸಿದರು. ಅದಕ್ಕೆ ಬಳಸಿದ ಭಾರದ ಗಾಜು 1820ರ ದಶಕದಲ್ಲಿ ಬೇಸರದಿಂದಲೇ ಮಾಡಿದ್ದ ಗಾಜಿನ ಪ್ರಾಜೆಕ್ಟಿನದು. ಆ ಪ್ರಾಜೆಕ್ಟಿಗೆ ಬಂದ ಮಾಜಿ ಸೈನಿಕ ಚಾರ್ಲ್ಸ್ ಆಂಡರ್ಸನ್ ಹೆಚ್ಚುಕಡಿಮೆ 40 ವರ್ಷ ಇವರ ಜೊತೆ ದುಡಿದ. ಫ್ಯಾರಡೆ ಲ್ಯಾಬಿನ ಬಗ್ಗೆ ಬರೆಯೋರು ಅವನನ್ನ ಒಂದು ಸಾಲಲ್ಲಿ ಮುಗಿಸ್ತಾರೆ, ನಾನೂ ಅದನ್ನೇ ಮಾಡ್ತಿದ್ದೀನಿ.

ಗಣಿತ ಮಾತ್ರ ಕೊನೆವರೆಗೂ ಒಲಿಯಲಿಲ್ಲ. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಕೂರೋ ಗೆರೆಗಳನ್ನ ನಂಬಿದ ಫ್ಯಾರಡೆಯನ್ನ ಗಣಿತದವರು ಸೀರಿಯಸ್ಸಾಗಿ ತಗೊಳ್ಳಲಿಲ್ಲ. ತಗೊಂಡದ್ದು ಇನ್ನೂ 25ರ ಆಸುಪಾಸಿನಲ್ಲಿದ್ದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಆ ಲೇಖನ ಕೈಸೇರಿದಾಗ ವಯಸ್ಸು 65 ದಾಟಿದ್ದ ಫ್ಯಾರಡೆ ಮೊದಲು ಗಣಿತ ನೋಡಿ ಹೆದರಿದರಂತೆ, ಆಮೇಲೆ ವಿಷಯ ಅದನ್ನ ತಡಕೊಂಡು ನಿಂತದ್ದು ನೋಡಿ ಬೆರಗಾದರಂತೆ. 1857ರ ಕಾಗದದಲ್ಲಿ ಕೇಳಿಕೊಂಡದ್ದು ಇಷ್ಟು: ಗಣಿತದವರು ತಾವು ಕಂಡುಕೊಂಡದ್ದನ್ನ ನಮ್ಮಂಥವರು ಪ್ರಯೋಗ ಮಾಡಿ ನೋಡೋ ಹಾಗೆ ಮಾಮೂಲಿ ಮಾತಲ್ಲೂ ಹೇಳಬಾರದೇ ಅಂತ.

ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಎರಡು ಸಲ ಬಂತು, ಎರಡೂ ಸಲ ಬೇಡ ಅಂದರು. 1858ರಲ್ಲಿ ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಮನೆ ಕೊಟ್ಟರು. ಕೊನೆಯ ವರ್ಷಗಳಲ್ಲಿ ಮರೆವು ಪೂರ್ತಿ ಆವರಿಸಿತು, ಉಪನ್ಯಾಸ, ಪ್ರಯೋಗ, ಕಾಗದ ಒಂದೊಂದಾಗಿ ನಿಂತವು. 1867ರ ಆಗಸ್ಟ್ 25ರಂದು, ಕೂತ ಕುರ್ಚಿಯಲ್ಲೇ ಪ್ರಾಣ ಹೋಯ್ತು. ಹೈಗೇಟ್ ಸ್ಮಶಾನದಲ್ಲಿ ಸಾದಾ ಕಲ್ಲು. ಕಬ್ಬಿಣದ ಬಳೆ ಲಂಡನ್ನಿನ ಆಲ್ಬಮಾರ್ಲ್ ಬೀದಿಯಲ್ಲಿ, ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲೇ ಇದೆ. ತಾಮ್ರದ ಸುತ್ತುಗಳ ನಡುವೆ ಕೈಯಲ್ಲಿ ಸುತ್ತಿದ ಆ ಹುರಿ, ಬಟ್ಟೆ ಈಗಲೂ ಕಾಣುತ್ತೆ.